ಕಾರ್ನೆಟ್ ಊದುವವನ ಜಾಗ

ಬಬ್ಬೂರು, ಹಿರಿಯೂರು ತಾಲ್ಲೂಕು
9 ಜೂನ್ 2024

ಗೆಳೆಯ ತಿಮ್ಮರಾಯಪ್ಪನಿಗೆ,

ಯಾರಪ್ಪ ಇವನು ಎಂದು ಕವರಿನ ಹಿಂದುಮುಂದು ತಿರುಗಿಸಬೇಡ. ನಾನು ನಾಗಭೂಷಣ. ಹೊಳಲ್ಕೆರೆ ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂತು ನಿನ್ನ ಬುತ್ತಿಯ ರೊಟ್ಟಿ ತಿಂದವನು. ನೀನು ಆ ಗಿಡ್ಡ ತುತ್ತೂರಿಯಂಥ ಕಾರ್ನೆಟ್ ಊದುವಾಗ ಎಡಕ್ಕೆ ನಿಂತು ಕ್ಲಾರಿಯೋನೆಟ್ ನುಡಿಸುತ್ತಿದ್ದವನು. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೂವತ್ತನಾಲ್ಕು ವರ್ಷ ಬೆಳೆಗಳ ಅಳತೆ ಬರೆದುಕೊಂಡು, ಹೋದ ವರ್ಷ ನಿವೃತ್ತನಾದೆ. ಈಗ ಹೆಂಡತಿ ರೇಣುಕಮ್ಮ ಹೇಳಿದ ಕೆಲಸ ಮಾಡಿಕೊಂಡಿದ್ದೇನೆ.

ನಿನ್ನ ವಿಳಾಸ ಸಿಕ್ಕಿದ್ದು ನಿನ್ನ ಸೊಸೆ ಸ್ವಾತಿಯಿಂದ. ಚಿಕ್ಕಜಾಜೂರು ಅಂಚೆ ಕಚೇರಿಗೆ ಫೋನ್ ಮಾಡಿ ನಿನ್ನ ಹೆಸರು ಹೇಳಿದರೆ, ಆ ಕಡೆ ಮಾತಾಡುತ್ತಿದ್ದವಳೇ ನಿನ್ನ ಸೊಸೆ! ನಿನ್ನ ನಂಬರು ಕೇಳಿದೆ. "ನಮ್ಮಾವ ಫೋನ್ ಮುಟ್ಟಲ್ಲ ಅಂಕಲ್, ಕಾಗ್ದ ಬರೀರಿ, ನಾನೇ ಕೈಗೆ ಕೊಡ್ತೀನಿ" ಅಂದಳು. ನಲವತ್ತೆರಡು ವರ್ಷ ಆದಮೇಲೆ ಕಾಗದದಲ್ಲೇ ಮುಖ ತೋರಿಸುವುದು ಒಳ್ಳೆಯದು ಎಂದು ನನಗೂ ಅನ್ನಿಸಿತು.

ವಿಷಯಕ್ಕೆ ಬರುತ್ತೇನೆ. ನಮ್ಮ ಹೈಸ್ಕೂಲಿಗೆ ಎಪ್ಪತ್ತೈದು ವರ್ಷ ತುಂಬಿತು. ಡಿಸೆಂಬರ್ ಒಂದರ ಭಾನುವಾರ ಹಳೆಯ ವಿದ್ಯಾರ್ಥಿಗಳದ್ದೇ ಕಾರ್ಯಕ್ರಮ. ಯಾರೋ ಪುಣ್ಯಾತ್ಮರು ನಮ್ಮ ಬ್ಯಾಂಡನ್ನು ನೆನಪಿಟ್ಟುಕೊಂಡಿದ್ದಾರೆ. ರೆಬೆಲೊ ಸಾಹೇಬರು ಕಟ್ಟಿದ 'ಜಾಜೂರು ಜಾಜ್'. ಪ್ಯಾಸೆಂಜರ್ ಗಾಡಿಯ ಗಾರ್ಡ್ ಒಬ್ಬರು ರೈಲ್ವೆ ಕ್ವಾರ್ಟರ್ಸಿನಲ್ಲಿ ಗ್ರಾಮಫೋನ್ ಇಟ್ಟು, ಅಮೆರಿಕದ ಹಳೇ ಪ್ಲೇಟು ಹಾಕಿ, ಕುರಿ ಕಾಯುವ ಹುಡುಗರಿಗೆ ಜಾಜ್ ಕಲಿಸಿದರು ಎಂದರೆ ನನ್ನ ಮೊಮ್ಮಗಳು ನಂಬುವುದಿಲ್ಲ. "ಕಾರ್ನೆಟ್ ರಾಗ ಹಿಡ್ಕೊಂಡು ನಡುವೆ ಹೋಗ್ಬೇಕು, ಕ್ಲಾರಿಯೋನೆಟ್ ಸುತ್ತ ಓಡಾಡ್ಬೇಕು, ಟ್ರೊಂಬೋನ್ ಕೆಳಗಿಂದ ಮಾತು ಸೇರಿಸ್ಬೇಕು. ಎಲ್ಲಾರೂ ಒಟ್ಟಿಗೆ ಮಾತಾಡಿ ಮ್ಯಾನ್, ಜಗಳ ಮಾತ್ರ ಆಗ್ಬಾರ್ದು" ಎನ್ನುತ್ತಿದ್ದರಲ್ಲ. ಮೂರು ವರ್ಷ ನಾವು ನಾಲ್ಕು ಜನ ಹಾಗೆಯೇ ಇದ್ದೆವು.

ಡ್ರಮ್ಮಿನ ದಾಸಣ್ಣ ಹೊರಕೆರೆದೇವಪುರದಲ್ಲಿದ್ದಾನೆ. ಕಿಡ್ನಿ ಕೈಕೊಟ್ಟು ಮಂಗಳವಾರ, ಶುಕ್ರವಾರ ಚಿತ್ರದುರ್ಗದಲ್ಲಿ ಡಯಾಲಿಸಿಸ್. ಆದರೂ "ನಾನು ರೆಡಿ ಕಣಲೇ" ಅಂದ. ಟ್ರೊಂಬೋನ್ ಶ್ರೀನಿವಾಸ್ ಹೊಸದುರ್ಗದಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾಗಿದ್ದಾನೆ, ಅವನೂ ಒಪ್ಪಿದ. ಉಳಿದವನು ನೀನು. ನೀನಿಲ್ಲದೆ ನಾವು ಮೂವರು ಸೇರಿದರೆ ಅದು ಬ್ಯಾಂಡಾಗುವುದಿಲ್ಲ.

ದುರ್ಗದ ಯುವಜನ ಮೇಳದ ದಿನ ನೀನು ಬರಲೇ ಇಲ್ಲ. ಆಮೇಲೆ ಬ್ಯಾಂಡೂ ಉಳಿಯಲಿಲ್ಲ. ಇರಲಿ, ಅದನ್ನು ಈಗ ಕೆದಕುವುದಿಲ್ಲ. ಇದೊಂದು ಸಲ ಬಂದುಬಿಡು.

ನಿನ್ನ
ನಾಗಭೂಷಣ


ಚಿಕ್ಕಜಾಜೂರು
2 ಜುಲೈ 2024

ನಾಗಭೂಷಣ ಅವರಿಗೆ ನಮಸ್ಕಾರ.

ನಾವು ಚೆನ್ನಾಗಿದ್ದೇವೆ, ನೀವೂ ಹಾಗೇ ಇರಬಹುದು. ನಿಮ್ಮ ಪತ್ರ ತಲುಪಿತು. ತಡವಾಗಿ ಬರೆಯುತ್ತಿದ್ದೇನೆ, ಕುರಿಗಳಿಗೆ ಕಾಲುಬೇನೆ ಬಂದಿತ್ತು.

ನಾನು ರೈಲ್ವೆಯಲ್ಲಿ ಕೀಮನ್ ಆಗಿದ್ದೆ. ದಿನಾ ಹಳಿ ನೋಡಿಕೊಂಡು ನಡೆಯುವ ಕೆಲಸ. ಮೊಣಕಾಲು ಸವೆದವು, ಬಿಟ್ಟೆ. ಈಗ ಮೂವತ್ತು ಕುರಿ ಇವೆ. ಅವನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಕಾರ್ನೆಟ್ ಅಟ್ಟದ ಮೇಲಿದೆ. ಗುಂಡಿಗಳು ಹಿಡಿದುಕೊಂಡಿವೆ. ನೀವೆಲ್ಲ ಓದಿ ದೊಡ್ಡವರಾದವರು, ನೀವೇ ನಡೆಸಿ. ಹಳೆಯದನ್ನು ಕೆದಕುವುದಿಲ್ಲ ಎಂದು ಬರೆದಿದ್ದೀರಿ. ಒಳ್ಳೆಯದು.

ದಾಸಣ್ಣನಿಗೆ ಹುಷಾರಾಗಿರಲು ಹೇಳಿ.

ಇಂತಿ,
ತಿಮ್ಮರಾಯಪ್ಪ

(ಇದೇ ಕವರಿನಲ್ಲಿ ಮಡಚಿದ ಇನ್ನೊಂದು ಚೀಟಿ)

ಅಂಕಲ್, ನಾನು ಸ್ವಾತಿ. ಕವರ್ ಅಂಟಿಸಲು ನನ್ನ ಕೈಗೆ ಕೊಟ್ಟಿದ್ದರು, ಅದಕ್ಕೇ ಈ ಚೀಟಿ ಸೇರಿಸಿದ್ದೇನೆ. ಮಾವನಿಗೆ ಗೊತ್ತಾದರೆ ನನ್ನನ್ನು ಉಳಿಸುವುದಿಲ್ಲ.

ಎರಡು ವರ್ಷದ ಹಿಂದೆ ಅವರ ಹಲ್ಲುಗಳನ್ನೆಲ್ಲ ಕಿತ್ತು ಸೆಟ್ ಕೂರಿಸಿದ್ದಾರೆ. ಅದು ಸರಿಯಾಗಿ ಕೂತಿಲ್ಲ. ಮಾತಾಡಿದರೆ ಗಾಳಿ ಹೋಗುತ್ತದೆ, ಎದುರಿಗಿದ್ದವರು "ಏನಂದ್ರಿ?" ಅಂತಾರೆ. ಅದಕ್ಕೇ ಫೋನ್ ಮುಟ್ಟುವುದಿಲ್ಲ, ಮದುವೆ ಮುಂಜಿಗೂ ಹೋಗುವುದಿಲ್ಲ. ಕಾರ್ನೆಟ್ ಊದಲು ಮುಂದಿನ ಹಲ್ಲು ಗಟ್ಟಿ ಇರಬೇಕಂತೆ, ಒಂದು ಸಲ ಅವರೇ ಹೇಳಿದ್ದರು. ನಿಮ್ಮ ಕಾಗದ ಬಂದ ದಿನ ಅಟ್ಟದಿಂದ ಇಳಿಸಿ, ಒರೆಸಿ, ತುಟಿಗಿಟ್ಟುಕೊಂಡು, ಹಾಗೇ ಮತ್ತೆ ಮೇಲಿಟ್ಟರು. ಆ ದಿನ ಊಟ ಮಾಡಲಿಲ್ಲ.

ಅವರಿಗೆ ಬರಲು ಆಸೆ ಇದೆ ಅಂಕಲ್. ಬಿಡಬೇಡಿ. ಆದರೆ ಹಲ್ಲಿನ ವಿಷಯ ನಿಮಗೆ ಗೊತ್ತು ಅಂತ ಬರೆಯಬೇಡಿ.


ಬಬ್ಬೂರು
15 ಜುಲೈ 2024

ತಿಮ್ಮ,

ಏನಪ್ಪ ಇದು, 'ನೀವು' 'ನಿಮ್ಮ' ಎಂದೆಲ್ಲ! ತಾಲ್ಲೂಕು ಕಚೇರಿಗೆ ಅರ್ಜಿ ಬರೆದ ಹಾಗೆ ಬರೆದಿದ್ದೀಯ. ರೇಣುಕಮ್ಮ ಓದಿ "ಇವ್ರು ನಿಮ್ಮ ಫ್ರೆಂಡಾ, ಸಾಲದ ಸೊಸೈಟಿಯವ್ರಾ?" ಎಂದು ಕೇಳಿದಳು.

ಹೋದ ಭಾನುವಾರ ಹೊಳಲ್ಕೆರೆಯಲ್ಲಿ ಮೂವರೂ ಸೇರಿದ್ದೆವು. ಶ್ರೀನಿವಾಸ್ ಟ್ರೊಂಬೋನ್ ಎಳೆಯಲು ಹೋಗಿ ಭುಜ ಹಿಡಿದುಕೊಂಡು ಕೂತ. ದಾಸಣ್ಣ ಚೆನ್ನಾಗಿಯೇ ಬಾರಿಸುತ್ತಾನೆ, ಹತ್ತು ನಿಮಿಷಕ್ಕೊಮ್ಮೆ ಮಲಗಬೇಕು ಅಷ್ಟೇ. ಡ್ರಮ್ಮಿನ ಪಕ್ಕ ಒಂದು ಚಾಪೆ ಹಾಸಿದ್ದೇವೆ. ನನ್ನದೇನೂ ತೊಂದರೆ ಇಲ್ಲ. ದಿನಾ ಸಂಜೆ ಮುಕ್ಕಾಲು ಗಂಟೆ ನುಡಿಸುತ್ತೇನೆ, ಉಸಿರು ಹದಿನೆಂಟರ ಹುಡುಗನ ಹಾಗಿದೆ.

ನೀನು ಊದಲೇಬೇಕು ಎಂದೇನಿಲ್ಲ ಮಾರಾಯ. ಊದುವುದು ಏನು ಮಹಾ. ಬಂದು ನಮ್ಮ ಜೊತೆ ನಿಂತರೆ ಸಾಕು. ಕುರಿಗಳನ್ನು ಒಂದು ದಿನ ನೋಡಿಕೊಳ್ಳಲು ಹಟ್ಟಿಯಲ್ಲಿ ಯಾರೂ ಸಿಗುವುದಿಲ್ಲವೇ? ನಿಮ್ಮಕ್ಕ ದುರುಗಕ್ಕ ಅಲ್ಲೇ ಇದ್ದಾರೆ ಎಂದು ಕೇಳಿದೆ. ಅವರ ಕೋಲಿಗೆ ಕುರಿಯಲ್ಲ, ನಾವೇ ಹೆದರುತ್ತಿದ್ದೆವು.

ಇನ್ನೊಂದು ಮಾತು. ನಿನ್ನ ಪತ್ರದ ಕೊನೆಗೆ 'ಒಳ್ಳೆಯದು' ಎಂದಿತ್ತಲ್ಲ, ಅದನ್ನು ನಾಲ್ಕು ಸಲ ಓದಿದೆ. ಸಿಟ್ಟೋ, ಸುಸ್ತೋ ಗೊತ್ತಾಗಲಿಲ್ಲ. ಸಿಟ್ಟಾದರೆ ಬೈದು ಬರಿ. ಬೈಗುಳಕ್ಕೆ ನಾನು ಹೆದರುವುದಿಲ್ಲ.

ನಾಗಭೂಷಣ


ಚಿಕ್ಕಜಾಜೂರು
11 ಆಗಸ್ಟ್ 2024

ನಾಗಭೂಷಣನಿಗೆ,

ದುರುಗಕ್ಕನಿಗೆ ಎಪ್ಪತ್ತಾಯಿತು. ಕೋಲು ಈಗಲೂ ಇದೆ. ನಿನ್ನ ಪತ್ರ ಓದಿ ಹೇಳಿದೆ. "ಆ ರೊಟ್ಟಿ ಕಳ್ಳ ಇನ್ನೂ ಬದ್ಕವ್ನಾ?" ಎಂದು ಕೇಳಿದಳು. ನೀನು ಬದುಕಿದ್ದೀಯ ಎಂದು ಹೇಳಿದ್ದೇನೆ.

ಕಾರ್ನೆಟ್ ಕೆಳಗಿಳಿಸಿದೆ. ಗುಂಡಿಗಳಿಗೆ ಎಣ್ಣೆ ಬಿಟ್ಟು ಎರಡು ದಿನ ಹಾಗೇ ಇಟ್ಟೆ, ಸಡಿಲವಾದವು. ಈಗ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದಾಗ ಅದನ್ನೂ ಒಯ್ಯುತ್ತೇನೆ. ಗುಡ್ಡದ ಕೆಳಗೆ ಕೂತು ಅಭ್ಯಾಸ ಮಾಡುತ್ತೇನೆ. ಮೊದಲ ದಿನ ಕುರಿಗಳು ದಿಕ್ಕಾಪಾಲಾದವು. ಈಗ ಹೊಂದಿಕೊಂಡಿವೆ. ಮೇಲಿನ ಸ್ವರ ಮುಂಚಿನ ಹಾಗೆ ಬರುವುದಿಲ್ಲ, ಕೆಳಗಿನವು ಚೆನ್ನಾಗಿ ಬರುತ್ತವೆ. ಡಿಸೆಂಬರಿನ ಹೊತ್ತಿಗೆ ಸರಿಹೋಗಬಹುದು.

ದಾಸಣ್ಣ ಮಲಗಿ ಎದ್ದು ಬಾರಿಸುತ್ತಾನೆ ಎಂದು ಬರೆದಿದ್ದೀಯ. ಅವನ ತಾಳ ಕೇಳಬೇಕು ಅನ್ನಿಸುತ್ತದೆ. ನಾನು ಎಷ್ಟೋ ಸಲ ಹಳಿಯ ಮೇಲೆ ನಡೆಯುವಾಗ ಅದನ್ನೇ ಲೆಕ್ಕ ಹಾಕಿಕೊಂಡು ನಡೆದಿದ್ದೇನೆ. ಯಾರಿಗೂ ಹೇಳಿರಲಿಲ್ಲ.

ಬರುತ್ತೇನೆ ಅಂದುಕೋ.

ತಿಮ್ಮರಾಯಪ್ಪ


ಬಬ್ಬೂರು
30 ಆಗಸ್ಟ್ 2024

ತಿಮ್ಮ,

ನಿನ್ನ ಪತ್ರ ದಾಸಣ್ಣನಿಗೆ ಓದಿದೆ. ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡು "ಇನ್ನೊಂದ್ಸಲ ಓದಲೇ" ಅಂದ. ಓದಿದೆ.

ಈಗ ಒಂದು ಏರ್ಪಾಡು ಮಾಡಿದ್ದೇನೆ, ಕೇಳು. ಹೊಸದುರ್ಗದಲ್ಲಿ ಯೋಗೇಶ್ ಎಂಬುವವರು ಮದುವೆ ಬ್ಯಾಂಡ್‌ಸೆಟ್ಟು ನಡೆಸುತ್ತಾರೆ, ಐವತ್ತರ ಹತ್ತಿರದ ಮನುಷ್ಯ, ಒಳ್ಳೆಯ ಕಾರ್ನೆಟ್ಟು. ಶ್ರೀನಿವಾಸನಿಗೆ ಪರಿಚಯ. ಅವರು ಬಂದು ನಿನ್ನ ಭಾಗ ಊದುತ್ತಾರೆ. ನೀನು ಎಲ್ಲರ ಮುಂದೆ ನಿಲ್ಲಬೇಕು. ನಿನ್ನ ಕಾರ್ನೆಟ್ ಕೈಯಲ್ಲಿ ಹಿಡಿದು, ಒಂದು ಎರಡು ಮೂರು ಎಂದು ಶುರು ಮಾಡಿಸಬೇಕು. ಆಯಾಸವಿಲ್ಲ, ಗೌರವಕ್ಕೆ ಗೌರವ. ನೀನೇ ಲೀಡರ್. ಪೋಸ್ಟರಿನಲ್ಲೂ ನಿನ್ನ ಹೆಸರೇ ಮೊದಲು.

ಈ ವಯಸ್ಸಿನಲ್ಲಿ ಯಾರೂ ಏನೂ ಸಾಬೀತು ಮಾಡಬೇಕಿಲ್ಲ. ನಿನಗೆ ಹಗುರಾಗಲಿ ಎಂದೇ ಹೀಗೆ ಮಾಡಿದ್ದು. ಒಪ್ಪಿಗೆ ಎಂದು ಒಂದು ಸಾಲು ಬರಿ.

ನಾಗಭೂಷಣ


ಚಿಕ್ಕಜಾಜೂರು
14 ಸೆಪ್ಟೆಂಬರ್ 2024

ಲೇ ನಾಗ,

ಬೈದು ಬರಿ ಎಂದಿದ್ದೆಯಲ್ಲ, ಇಗೋ.

ನನ್ನ ಜಾಗಕ್ಕೆ ಆಳು ಇಟ್ಟಿದ್ದೀಯ. ಕೇಳಿಯಾದರೂ ಇಡಬಾರದಿತ್ತೇ? ನನ್ನ ಕಾರ್ನೆಟ್ ಹಿಡಿದುಕೊಂಡು ನಾನು ಗೊಂಬೆಯ ಹಾಗೆ ನಿಲ್ಲಬೇಕು, ಬೇರೆಯವನು ಪಕ್ಕದಲ್ಲಿ ನನ್ನ ಭಾಗ ಊದಬೇಕು. ಇದನ್ನು ಗೌರವ ಎಂದು ಬರೆಯಲು ನಿನಗೆ ಕೈ ಹೇಗೆ ಬಂತು?

ಸ್ವಾತಿಯನ್ನು ಕೇಳಿದೆ. ಮುಖ ನೋಡಿದರೇ ಗೊತ್ತಾಯಿತು. ಹೌದಪ್ಪ, ನನ್ನ ಬಾಯಲ್ಲಿ ಹಲ್ಲಿಲ್ಲ. ಗುಡ್ಡದ ಕೆಳಗೆ ಅಭ್ಯಾಸ ಮಾಡುತ್ತೇನೆ ಎಂದು ಬರೆದದ್ದು ಸುಳ್ಳು. ಒಯ್ಯುತ್ತೇನೆ, ಒರೆಸುತ್ತೇನೆ, ವಾಪಸ್ ತರುತ್ತೇನೆ. ಕುರಿಗಳು ಎಲ್ಲಿಗೂ ಓಡಲಿಲ್ಲ. ಊದಲು ಹೋದರೆ ಸೆಟ್ಟೇ ಕಳಚಿ ಬರುತ್ತದೆ. ಗೊತ್ತಿದ್ದೂ ನೀನು ಎರಡು ಪತ್ರ ಏನೂ ಗೊತ್ತಿಲ್ಲದವನ ಹಾಗೆ ಬರೆದೆ. ನನ್ನ ಸುಳ್ಳನ್ನು ದಾಸಣ್ಣನ ಮುಂದೆ ಎರಡೆರಡು ಸಲ ಓದಿದೆ. ನಿನಗೆ ನಾಚಿಕೆಯಾಗಬೇಕು, ನನಗಂತೂ ಆಗಿದೆ.

ದುರ್ಗದ ಮೇಳದ ದಿನ ನಾನು ಬರಲಿಲ್ಲ ಎಂದು ಬರೆದೆಯಲ್ಲ. ಬಂದಿದ್ದೆ ಕಣೋ. ಆ ಬೆಳಿಗ್ಗೆ ಒಂದು ಕುರಿ ಈಯಲಾರದೆ ಒದ್ದಾಡುತ್ತಿತ್ತು, ಅಪ್ಪ ಊರಲ್ಲಿರಲಿಲ್ಲ. ಮರಿ ಈಚೆ ಬರುವ ಹೊತ್ತಿಗೆ ಗಾಡಿ ಹೋಗಿತ್ತು. ರೆಬೆಲೊ ಸಾಹೇಬರ ಹೆಸರು ಹೇಳಿ ಗೂಡ್ಸ್ ಗಾಡಿಯ ಗಾರ್ಡಿನ ಡಬ್ಬಿ ಹತ್ತಿದೆ. ಒಂದು ಗಂಟೆ ತಡವಾಗುತ್ತದೆ, ಕಾಯಿರಿ ಎಂದು ಹೇಳಲು ಸ್ಟೇಷನ್ ಫೋನಿನಲ್ಲಿ ದುರ್ಗಕ್ಕೆ ಹೇಳಿಸಿದ್ದೆ. ಅಲ್ಲಿ ನಮ್ಮ ಹಟ್ಟಿಯ ಕರಿಯಣ್ಣ ಪೋರ್ಟರ್ ಆಗಿದ್ದನಲ್ಲ, ಅವನು ಸೈಕಲ್ಲಿನಲ್ಲಿ ಬಂದು ನಿಮಗೆ ಮುಟ್ಟಿಸಬೇಕಿತ್ತು.

ಸ್ಟೇಷನ್ನಿನಿಂದ ಓಡಿ ಬಂದೆ. ಮೇಳದ ಸಭಾಂಗಣದ ಬಾಗಿಲಲ್ಲಿ ನಿಂತರೆ ಒಳಗೆ ನನ್ನ ಭಾಗ ಕೇಳಿಸುತ್ತಿದೆ. ಯಾರದೋ ಕಾರ್ನೆಟ್ ಕಡ ತಂದು, ನೀನೇ ಊದುತ್ತಿದ್ದೀಯ. ನಿನ್ನ ಕ್ಲಾರಿಯೋನೆಟ್ ಕುರ್ಚಿಯ ಮೇಲೆ ಬಿದ್ದಿದೆ. ಚೆನ್ನಾಗಿಯೇ ಊದುತ್ತಿದ್ದೆ. ಹಾಗೇ ತಿರುಗಿ ಸ್ಟೇಷನ್ನಿಗೆ ನಡೆದೆ.

ಕರಿಯಣ್ಣ ನಿನಗೆ ಹೇಳಿರಲಿಲ್ಲ, ಅದು ನನಗೆ ಗೊತ್ತು. ಹೇಳಿದ್ದೆ ಹೇಳಿದ್ದೆ ಎಂದು ಅವನು ಆಣೆ ಮಾಡಿದ, ನಾನು ನಂಬಲಿಲ್ಲ. ಹತ್ತೊಂಬತ್ತು ವರ್ಷ, ಅವನು ಸಾಯುವವರೆಗೂ, ಅವನ ಜೊತೆ ಮಾತಾಡಲಿಲ್ಲ. ಅದಕ್ಕೇ ನಿನ್ನ ಮೇಲೆ ಅರ್ಧ ಸಿಟ್ಟು ಮಾತ್ರ ಇಟ್ಟುಕೊಂಡಿದ್ದೆ. ಆದರೆ ಯಾರೂ ಹೇಳದಿದ್ದರೂ ನೀನು ಒಂದು ಗಂಟೆ ಕಾಯಬಹುದಿತ್ತು ನಾಗ.

ಡಿಸೆಂಬರಿಗೆ ನಾನು ಬರುವುದಿಲ್ಲ. ಇನ್ನು ಬರೆಯಬೇಡ.

ತಿಮ್ಮರಾಯಪ್ಪ


ಬಬ್ಬೂರು
20 ಸೆಪ್ಟೆಂಬರ್ 2024

ತಿಮ್ಮ,

ಬರೆಯಬೇಡ ಎಂದಿದ್ದೀಯ. ಇದನ್ನು ಬರೆಯದೆ ಇರಲಾರೆ. ಓದಿ ಹರಿದು ಹಾಕು.

ಕರಿಯಣ್ಣ ಹೇಳಿದ್ದ.

ಸೈಕಲ್ ಹೊರಗೆ ಒರಗಿಸಿ, ಏದುಸಿರು ಬಿಡುತ್ತ ಪರದೆಯ ಹಿಂದೆ ಬಂದ. ಅಲ್ಲಿದ್ದವನು ನಾನೊಬ್ಬನೇ. "ನಿಮ್ಮ ಹುಡ್ಗ ಗೂಡ್ಸ್ ಗಾಡೀಲಿ ಬರ್ತಾ ಅವ್ನೆ, ಒಂದ್ ಗಂಟೆ ಕಾಯ್ರಿ ಅಂತ ಹೇಳವ್ನೆ" ಅಂದ. ಆಗಲಿ ಅಂದೆ. ದಾಸಣ್ಣನಿಗೂ ಶ್ರೀನಿವಾಸನಿಗೂ ಹೇಳಲಿಲ್ಲ. ಸಂಘಟಕರು ಬಂದು, ನಿಮ್ಮದನ್ನು ಕೊನೆಗೆ ಹಾಕಲೇ ಎಂದು ಕೇಳಿದರು. ಬೇಡ, ನಾವು ರೆಡಿ ಎಂದೆ.

ಯಾಕೆ ಎಂದು ಕೇಳುತ್ತೀಯ. ಕಾರ್ನೆಟ್ ನನಗೆ ಬೇಕಿತ್ತು. ಮೊದಲ ದಿನವೇ ಬೇಕಿತ್ತು. ರೆಬೆಲೊ ಸಾಹೇಬರು ನಮ್ಮಿಬ್ಬರ ತುಟಿ ನೋಡಿ ಅದನ್ನು ನಿನ್ನ ಕೈಗೆ ಕೊಟ್ಟರು, ನನಗೆ ಕ್ಲಾರಿಯೋನೆಟ್ ಕೊಟ್ಟರು. ಮೂರು ವರ್ಷ ನಿನ್ನ ಸುತ್ತ ಓಡಾಡಿದೆ. ಒಳಗೊಳಗೇ ಹೊಳಲ್ಕೆರೆಯ ಮದುವೆ ಬ್ಯಾಂಡಿನವರ ಮನೆಗೆ ಹೋಗಿ ನಿನ್ನ ಭಾಗವನ್ನೆಲ್ಲ ಕಲಿತಿದ್ದೆ. ಆ ದಿನ ಅವರ ಕಾರ್ನೆಟ್ ನನ್ನ ಚೀಲದಲ್ಲೇ ಇತ್ತು. ನೀನು ತಡವಾಗುತ್ತೀಯ ಎಂದು ತಿಳಿದು ತಂದದ್ದಲ್ಲ. ಸುಮ್ಮನೆ ಜೊತೆಗಿರಲಿ ಎಂದು ತರುತ್ತಿದ್ದೆ. ಕರಿಯಣ್ಣ ಬಂದು ಹೇಳಿದಾಗ ನನಗೆ ಆದದ್ದು ಸಂತೋಷ. ಅದನ್ನು ಇವತ್ತಿನವರೆಗೆ ಹೆಂಡತಿಗೂ ಹೇಳಿಲ್ಲ.

ಎರಡನೇ ಬಹುಮಾನ ಬಂತು. ನೀನು ಅರ್ಧ ದಾರಿಯಿಂದ ಹಿಂದಿರುಗಿದೆ ಎಂದುಕೊಂಡೆ. ಆಮೇಲೆ ಬರಲೇ ಇಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ, ಹೇಳಿ ಹೇಳಿ ನಾನೇ ನಂಬಿದೆ. ನೀನು ಬಾಗಿಲಿನವರೆಗೆ ಬಂದಿದ್ದೆ ಎಂಬುದು ನಿನ್ನ ಪತ್ರದಿಂದಲೇ ತಿಳಿಯಿತು.

ನಿನ್ನ ಪತ್ರದಲ್ಲಿ ನನಗೆ ತಪ್ಪಿಸಿಕೊಳ್ಳಲು ದಾರಿ ಇತ್ತು. ಕರಿಯಣ್ಣ ಹೇಳಲಿಲ್ಲ ಎಂದು ನೀನೇ ಬರೆದಿದ್ದೆ. ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಹತ್ತೊಂಬತ್ತು ವರ್ಷ ಎಂದು ಬರೆದೆಯಲ್ಲ ತಿಮ್ಮ. ನಾಲ್ಕು ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಾಗಭೂಷಣ


ಬಬ್ಬೂರು
25 ಅಕ್ಟೋಬರ್ 2024

ತಿಮ್ಮ,

ಒಂದು ತಿಂಗಳ ಮೇಲಾಯಿತು. ನೀನು ಬರೆಯುವುದಿಲ್ಲ ಎಂದು ಗೊತ್ತಿದ್ದೂ ದಿನಾ ಅಂಚೆಯವನ ದಾರಿ ನೋಡುತ್ತೇನೆ.

ದಾಸಣ್ಣನಿಗೂ ಶ್ರೀನಿವಾಸನಿಗೂ ಎಲ್ಲ ಹೇಳಿದೆ. ಶ್ರೀನಿವಾಸ್ ಎದ್ದು ಹೊರಗೆ ಹೋದ. ದಾಸಣ್ಣ ಚಾಪೆಯ ಮೇಲೆ ಮಲಗಿದ್ದವನು "ನಿನ್ನ ಜನ್ಮಕ್ಕಿಷ್ಟು" ಅಂದ, ಅಷ್ಟೇ. ಆ ಯೋಗೇಶ್ ಅವರಿಗೆ ಬರಬೇಡಿ ಎಂದು ಹೇಳಿ ಕಳಿಸಿದ್ದೇನೆ.

ಇನ್ನೊಂದು ಸುಳ್ಳು ಉಳಿದಿದೆ. ಹದಿನೆಂಟರ ಉಸಿರು ಎಂದು ಬರೆದಿದ್ದೆ. ನನಗೆ ಉಬ್ಬಸ, ಆರು ವರ್ಷವಾಯಿತು. ಎರಡು ಸಾಲು ನುಡಿಸಿದರೆ ಪಂಪು ಬಾಯಿಗಿಟ್ಟುಕೊಳ್ಳಬೇಕು.

ಡಿಸೆಂಬರ್ ಒಂದು, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಸರದಿ. ನೀನು ಬರುವವರೆಗೆ ಶುರು ಮಾಡುವುದಿಲ್ಲ. ನೀನು ಬಾರದಿದ್ದರೆ ನುಡಿಸುವುದಿಲ್ಲ. ಇದನ್ನು ಮೂವರೂ ಸೇರಿ ತೀರ್ಮಾನಿಸಿದ್ದೇವೆ.

ನಾಗಭೂಷಣ


ಚಿಕ್ಕಜಾಜೂರು
17 ನವೆಂಬರ್ 2024

ನಾಗಭೂಷಣನಿಗೆ,

ಕರಿಯಣ್ಣನ ಮನೆಗೆ ಹೋಗಿದ್ದೆ. ಹಟ್ಟಿಯಲ್ಲೇ ನಾಲ್ಕು ಮನೆ ಆಚೆ. ಆ ಬಾಗಿಲು ತುಳಿದು ನಲವತ್ತು ವರ್ಷದ ಮೇಲಾಗಿತ್ತು. ಅವನು ಸತ್ತಾಗಲೂ ನಾನು ಮಣ್ಣಿಗೆ ಹೋಗಿರಲಿಲ್ಲ.

ಅವನ ಹೆಂಡತಿ ಶಾಂತಕ್ಕ ಕಾಳು ಆರಿಸುತ್ತ ಕೂತಿದ್ದಳು. "ಬಾರಪ್ಪ, ಕುಂತ್ಕ" ಅಂದಳು. ನಿನ್ನ ಪತ್ರ ಓದಿ ಹೇಳಿದೆ. ಈ ಬಾಯಲ್ಲಿ ಅರ್ಧ ಅರ್ಥವಾಯಿತೋ ಇಲ್ಲವೋ ಎಂದು ಎರಡು ಸಲ ಓದಿದೆ. ಕೇಳಿ, ಮೊರ ಪಕ್ಕಕ್ಕಿಟ್ಟಳು. "ಜ್ವರದಾಗೂ ಅದ್ನೇ ಅಂತಿದ್ರಪ್ಪ. ನಾನು ಹೇಳಿದ್ದೆ ಕಣೇ, ಪರದೆ ಹಿಂದಕ್ಕೇ ಹೋಗಿ ಹೇಳಿದ್ದೆ ಅಂತ. ನಾನೂ ಪೂರ್ತಿ ನಂಬಿರ್ಲಿಲ್ಲ" ಅಂದಳು. ಎದ್ದು ಒಲೆ ಹಚ್ಚಿದಳು. ಟೀ ಕೊಟ್ಟಳು, ಕುಡಿದು ಬಂದೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಹೇಳಿದ್ದು ಒಳ್ಳೆಯದಾಯಿತು. ಹೇಳದೆ ಇದ್ದಿದ್ದರೆ ನಾನು ಹಾಗೇ ಸಾಯುತ್ತಿದ್ದೆ.

ಡಿಸೆಂಬರಿನ ಬಗ್ಗೆ ಏನೂ ಹೇಳುವುದಿಲ್ಲ.

ತಿಮ್ಮರಾಯಪ್ಪ


ಬಬ್ಬೂರು
3 ಡಿಸೆಂಬರ್ 2024

ತಿಮ್ಮ,

ಮೊನ್ನೆಯಿಂದ ಮಲಗಿದ್ದೇನೆ, ಎದೆ ಹಿಡಿದುಕೊಂಡಿದೆ. ರೇಣುಕಮ್ಮ ಬೈದು ಬೈದು ಸುಸ್ತಾಗಿ ಈಗ ಸುಮ್ಮನೆ ಬಿಸಿನೀರು ತಂದಿಡುತ್ತಾಳೆ. ಆದರೂ ಬರೆಯಬೇಕು ಅನ್ನಿಸಿತು.

ಹನ್ನೊಂದಕ್ಕೆ ನಮ್ಮನ್ನು ಕರೆದರು. ನಾಲ್ಕನೆಯವನು ಬರಲಿ ಎಂದೆ. ಹನ್ನೊಂದೂವರೆಗೆ ಮತ್ತೆ ಕರೆದರು. ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿದೆ, ಮೂವರೇ ನುಡಿಸಿಬಿಡಿ ಎಂದರು. ಆಗುವುದಿಲ್ಲ ಎಂದೆ. ಅವರು ಎದ್ದು ಹೋದರು. ಹನ್ನೆರಡೂವರೆಗೆ ಊಟ ಶುರುವಾಯಿತು, ಊಟ ಮುಗಿಸಿದವರು ಮನೆಗೆ ಹೋದರು. ಶ್ರೀನಿವಾಸ್ ಮೈಕಿನಲ್ಲಿ ಕಾಲು ಗಂಟೆಗೊಮ್ಮೆ "ತಿಮ್ಮರಾಯಪ್ಪನವರು ಎಲ್ಲಿದ್ದರೂ ವೇದಿಕೆಗೆ ಬರಬೇಕು" ಎಂದು ಕೂಗುತ್ತಲೇ ಇದ್ದ. ಶಾಮಿಯಾನದವರು ಕುರ್ಚಿ ಮಡಚಲು ಶುರು ಮಾಡಿದಾಗ ನನಗೆ ಅಳು ಬಂತು. ನೀನು ಬರುವುದಿಲ್ಲ ಎಂಬುದಕ್ಕಲ್ಲ. ಇಷ್ಟು ಹೊತ್ತು ಕಾಯುವುದು ಎಷ್ಟು ಸುಲಭವಿತ್ತು, ಅವತ್ತು ಒಂದು ಗಂಟೆ ಕಾಯಲಿಲ್ಲವಲ್ಲ ಎಂದು.

ಒಂದೂ ಮುಕ್ಕಾಲಿಗೆ ನೀನು ಬಂದೆ. ಕುರಿಯ ಕಂಬಳಿಯಲ್ಲಿ ಕಾರ್ನೆಟ್ ಸುತ್ತಿಕೊಂಡು, ತಲೆ ತಗ್ಗಿಸಿಕೊಂಡು. ನನಗೆ ನಿನ್ನ ಗುರುತೇ ಸಿಗಲಿಲ್ಲ, ದಾಸಣ್ಣನಿಗೆ ಸಿಕ್ಕಿತು.

ಎದುರಿಗೆ ಉಳಿದಿದ್ದವರು ಇಪ್ಪತ್ತು ಜನ, ಅದರಲ್ಲಿ ಆರು ಜನ ಶಾಮಿಯಾನದವರು. ನೀನು ಊದಲಿಲ್ಲ. ನಡುವೆ ನಿನ್ನ ಜಾಗದಲ್ಲಿ ನಿಂತೆ, ಬೆರಳುಗಳು ಮೂರು ಗುಂಡಿಗಳ ಮೇಲೆ ಆಡುತ್ತಿದ್ದವು. ನಾನು ನಿನ್ನ ಭಾಗಕ್ಕೆ ಕೈ ಹಾಕಲಿಲ್ಲ ತಿಮ್ಮ. ಸುತ್ತಮುತ್ತ ಮಾತ್ರ ಓಡಾಡಿದೆ. ನಡುವೆ ರಾಗವೇ ಇಲ್ಲದ ಆ ಗದ್ದಲ ಕೇಳಿದವರಿಗೆ ಏನು ಅನ್ನಿಸಿತೋ. ಕುರ್ಚಿಯವನೊಬ್ಬ "ಇದು ಇನ್ನೂ ಟೆಸ್ಟಿಂಗಾ ಸಾರ್?" ಎಂದು ಕೇಳಿದ. ನನಗೆ ಮಾತ್ರ ನಿನ್ನದು ಪೂರ್ತಿ ಕೇಳಿಸಿತು.

ಬಸ್ಸು ಕೆಟ್ಟು ನಿಂತದ್ದಕ್ಕೆ ನೀನೇನು ಮಾಡಲಾಗುತ್ತಿತ್ತು? ಅದಕ್ಕೆ ಅಷ್ಟು ಸಲ ಕ್ಷಮೆ ಕೇಳಿದೆಯಲ್ಲ. ಊಟವನ್ನೂ ಮಾಡದೆ ಹೊರಟುಬಿಟ್ಟೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ದಾಸಣ್ಣನೂ ಅದನ್ನೇ ಹೇಳಿದ.

ನಿನ್ನ
ನಾಗಭೂಷಣ


ಚಿಕ್ಕಜಾಜೂರು
7 ಡಿಸೆಂಬರ್ 2024

ನಾಗ,

ಬಸ್ಸು ಕೆಟ್ಟಿರಲಿಲ್ಲ.

ಹತ್ತೂಕಾಲಿಗೇ ಹೊಳಲ್ಕೆರೆಯಲ್ಲಿ ಇಳಿದೆ. ಶಾಲೆಯ ಗೇಟಿನ ಎದುರು ಟೀ ಅಂಗಡಿ ಇದೆಯಲ್ಲ, ಅಲ್ಲಿ ಒಳಗಿನ ಬೆಂಚಿನ ಮೇಲೆ ಕೂತೆ. ನೀನು ಬರುವವರೆಗೆ ಶುರು ಮಾಡುವುದಿಲ್ಲ ಎಂದು ಬರೆದಿದ್ದೆ. ನಿಜವೋ ಸುಳ್ಳೋ ನೋಡಬೇಕಿತ್ತು. ಹತ್ತು ನಿಮಿಷ ನೋಡಿ ಒಳಗೆ ಬರೋಣ ಎಂದುಕೊಂಡಿದ್ದೆ, ಆಣೆ ಮಾಡಿ ಹೇಳುತ್ತೇನೆ.

ಹನ್ನೊಂದು ದಾಟಿತು. ಯಾವ ವಾದ್ಯವೂ ಕೇಳಿಸಲಿಲ್ಲ. ಆಮೇಲೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನನ್ನ ಹೆಸರನ್ನು ಅಷ್ಟು ಗಟ್ಟಿಯಾಗಿ ಯಾರೂ ಕರೆದಿರಲಿಲ್ಲ ನಾಗ. ಇನ್ನೊಂದು ಸಲ ಕರೆಯಲಿ, ಹೋಗುತ್ತೇನೆ ಎಂದು ಕೂತೆ. ಮತ್ತೆ ಕರೆದರು. ಇನ್ನೊಂದು ಸಲ ಎಂದುಕೊಂಡೆ. ಮುಖ್ಯ ಅತಿಥಿಯ ಕಾರು ಹೋಗುವುದನ್ನು ನೋಡಿದೆ, ಖುಷಿಯಾಯಿತು. ನಿನಗೆ ಆ ದಿನ ಪರದೆಯ ಹಿಂದೆ ಆಯಿತು ಎಂದೆಯಲ್ಲ, ಅಂಥದ್ದೇ ಖುಷಿ ಇರಬೇಕು.

ಹನ್ನೆರಡರ ಹೊತ್ತಿಗೆ ದಾಸಣ್ಣ ಜಗಲಿಗೆ ಬಂದ. ಕಂಬ ಹಿಡಿದು ನಿಂತ. ಆಮೇಲೆ ಅಲ್ಲೇ ಬರೀ ನೆಲದ ಮೇಲೆ ಮಲಗಿದ. ಡಯಾಲಿಸಿಸ್ ಸೂಜಿ ಚುಚ್ಚುವ ಅವನ ಕೈಗೆ ಸುತ್ತಿದ್ದ ಬಟ್ಟೆ ಅಂಗಡಿಯಿಂದ ಕಾಣುತ್ತಿತ್ತು. ಅದನ್ನು ನೋಡಿಯೂ ನಾನು ಇನ್ನೊಂದು ಟೀ ಹೇಳಿದೆ.

ಅಲ್ಲಿಂದ ಮುಂದೆ ಏಳಬೇಕೆಂದರೂ ಏಳಲಾಗಲಿಲ್ಲ. ಇಷ್ಟು ಹೊತ್ತು ಎಲ್ಲಿದ್ದೆ ಎಂದು ಕೇಳಿದರೆ ಏನು ಹೇಳುವುದು? ಬಸ್ಸು ಎಂಬ ಸುಳ್ಳು ಹುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಕುರ್ಚಿಗಳ ಗಾಡಿ ಬಂದು ಗೇಟಿನಲ್ಲಿ ನಿಂತಾಗ ಓಡಿ ಬಂದೆ. ನೀನು ನನ್ನನ್ನು ನೋಡಿ ಅತ್ತುಬಿಟ್ಟೆ, ದಾಸಣ್ಣ ನನ್ನ ಕೈ ಹಿಡಿದು "ಸುಸ್ತಾಯ್ತೇನೋ ತಿಮ್ಮ?" ಎಂದು ಕೇಳಿದ. ಅದಕ್ಕೇ ಊಟಕ್ಕೆ ನಿಲ್ಲಲಿಲ್ಲ.

ನಲವತ್ತೆರಡು ವರ್ಷ ನೀನು ಮಾಡಿದ್ದು ನೆನೆಸಿಕೊಂಡು ಕುದಿದೆ. ಹೋದ ತಿಂಗಳು ಶಾಂತಕ್ಕನ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತೆ. ಅಷ್ಟೆಲ್ಲ ಆದಮೇಲೂ ನನ್ನ ಸರದಿ ಬಂದಾಗ ಅದನ್ನೇ ಮಾಡಿದೆ. ನಿನ್ನನ್ನು ಕ್ಷಮಿಸಲು ಕೈ ಬರುತ್ತಿಲ್ಲ ಎಂದು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕು.

ಇದನ್ನು ದಾಸಣ್ಣನಿಗೆ ನೀನು ಹೇಳಬೇಡ. ಬರುವ ಶುಕ್ರವಾರ ನಾನೇ ದುರ್ಗದ ಆಸ್ಪತ್ರೆಗೆ ಹೋಗುತ್ತೇನೆ. ಡಯಾಲಿಸಿಸ್ಸಿಗೆ ನಾಲ್ಕು ಗಂಟೆ ಹಿಡಿಯುತ್ತದಂತೆ, ಒಳಗೆ ಯಾರನ್ನೂ ಬಿಡುವುದಿಲ್ಲವಂತೆ, ಸ್ವಾತಿ ವಿಚಾರಿಸಿ ಹೇಳಿದಳು. ಬಿಡದಿದ್ದರೂ ಪರವಾಗಿಲ್ಲ. ಅವನು ಹೊರಗೆ ಬರುವವರೆಗೂ ಬಾಗಿಲಲ್ಲೇ ಇರುತ್ತೇನೆ.

ನಿನ್ನ
ತಿಮ್ಮ